ನುಂಗದೆ ಉಳಿದ ಗುಟುಕು

ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಮೇಜಿನ ಯಾರೋ ಕೆಂಪು ವೈನಿನ ಗ್ಲಾಸು ಉರುಳಿಸಿಬಿಟ್ಟರು. ಬಿಳಿ ಮೇಜುಬಟ್ಟೆಯ ಮೇಲೆ ಅದು ಹರಡಿದ ಹಾಗೆ ಹುಳಿ ಬೆರೆತ ಒಂದು ವಾಸನೆ ಮೇಲೆದ್ದಿತು. ಎಲ್ಲರೂ ಟಿಶ್ಯೂ ಹುಡುಕುತ್ತಿದ್ದರೆ ನಾನು ಚಮಚ ಕೆಳಗಿಟ್ಟೆ. ಅದು ನನ್ನ ಪಪ್ಪನ ಅಂಗಿಯ ತೋಳಿನ ವಾಸನೆ. ಮಸ್ಕತ್ತಿನ ದಾರ್ಸೈಟಿನಲ್ಲಿ ನಾವಿದ್ದ ಕಟ್ಟಡದ ಲಿಫ್ಟಿನಲ್ಲಿ ಯಾವಾಗಲೂ ಲೋಬಾನದ ಹೊಗೆ ತುಂಬಿರುತ್ತಿತ್ತು. ಆ ಹೊಗೆಯನ್ನೂ ದಾಟಿಕೊಂಡು ಈ ಹುಳಿ ವಾಸನೆ ಪಪ್ಪನಿಗಿಂತ ಮೊದಲೇ ಮನೆಯೊಳಗೆ ಬರುತ್ತಿತ್ತು. ತೀರಿಹೋದವರು ಹೀಗೆ ಹೇಳದೆ ಕೇಳದೆ ಎಲ್ಲೆಲ್ಲೋ ಎದುರಾಗುತ್ತಾರೆ. ನಿಮ್ಮ ಮನೆಯವರೂ ಯಾವುದೋ ಒಂದು ವಾಸನೆಯಲ್ಲಿ ಬಂದು ನಿಂತಿರಬಹುದು.

ಪಪ್ಪ ಅಲ್ಲಿನ ಒಂದು ದೊಡ್ಡ ಹೋಟೆಲಿಗೆ ವೈನ್ ಆರಿಸಿ ತರಿಸುವ ಕೆಲಸದಲ್ಲಿದ್ದರು. ನಮ್ಮ ಉಡುಪಿ ಕಡೆಯವರು ಗಲ್ಫಿಗೆ ಹೋಗಿ ಏನೇನೋ ಆಗುತ್ತಾರೆ, ಇವರು ಇದಾದರು. ಅಮ್ಮನಿಗೆ ಆ ಕೆಲಸವೊಂದು ಬಿಸಿತುಪ್ಪ. ಅವಳ ಅಪ್ಪ ಕುಡಿದು ಕುಡಿದು ಗದ್ದೆಯನ್ನೂ ಬಂಗಾರವನ್ನೂ ಕಳೆದು ಕೊನೆಗೆ ತನ್ನನ್ನೇ ಮುಗಿಸಿಕೊಂಡವರು. ಕಳ್ಳಿನ ಗಡಂಗಿನ ಬಾಗಿಲಿಗೆ ಹೋಗಿ ಅವರನ್ನು ಕೈಹಿಡಿದು ಮನೆಗೆ ಕರೆತರುವುದರಲ್ಲೇ ಅವಳ ಬಾಲ್ಯ ಕಳೆದಿತ್ತು. ಹಾಗಾಗಿ ಪಪ್ಪನಿಗೆ ಈ ಕೆಲಸ ಸಿಕ್ಕಿದ ವಾರವೇ ಅವಳು ಅವರನ್ನು ದಾರ್ಸೈಟಿನ ಕೃಷ್ಣನ ಗುಡಿಗೆ ಎಳೆದುಕೊಂಡು ಹೋಗಿ, ಅವರ ಬಲಗೈಯನ್ನು ನನ್ನ ತಲೆಯ ಮೇಲೆ ಇಡಿಸಿ ಆಣೆ ಹಾಕಿಸಿದಳಂತೆ. ರುಚಿ ನೋಡಲು ಬಾಯಿಗೆ ಹಾಕಬಹುದು, ನುಂಗುವಂತಿಲ್ಲ. ನುಂಗಿದರೆ ಅದು ಮಗುವಿಗೆ ತಟ್ಟಬೇಕು. ನನಗೆ ಆಗ ಹಲ್ಲೂ ಬಂದಿರಲಿಲ್ಲ. ಯಾರ ತಲೆ, ಯಾರ ಆಣೆ! ನನ್ನನ್ನು ಕೇಳಿದವರು ಯಾರು?

ಪಪ್ಪ ದಿನವೂ ಬಾಟಲಿಗಳ ರುಚಿ ನೋಡಿ ಉಗಿದು ಬರುತ್ತಿದ್ದರು. ಬಾಗಿಲು ತೆಗೆದ ಅಮ್ಮ ಒಳಗೆ ಬಿಡುವ ಮೊದಲು, "ಊದಿ," ಅನ್ನುತ್ತಿದ್ದಳು. ಅವರು ಬ್ಯಾಗನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳ ಮುಖದ ಹತ್ತಿರ ಬಾಯಿ ತಂದು "ಹಾ" ಎಂದು ಉಸಿರು ಬಿಡುತ್ತಿದ್ದರು. ಬರೀ ಬಾಯಿಯ ವಾಸನೆ ಯಾವುದು, ಹೊಟ್ಟೆಯ ವಾಸನೆ ಯಾವುದು ಎಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಮಹಡಿಯಲ್ಲಿದ್ದ ಮೈಸೂರಿನ ಆಂಟಿ ಒಮ್ಮೆ ಇದನ್ನು ಕಂಡು, "ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ್ರೂ ಕಳ್ಳು ಅಂತಾರೆ ಕಣ್ರೀ ಸುಗುಣ. ನಿಮ್ಮ ಯಜಮಾನ್ರು ಕಳ್ಳಿನ ಮನೇಲೇ ಕೂತಿದ್ದಾರೆ, ಪಾಪ!" ಎಂದು ನಕ್ಕಿದ್ದರು. ಪಪ್ಪ ಕೂಡ ನಗುತ್ತಿದ್ದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ರಜೆಯ ದಿನ ನನ್ನ ಕಣ್ಣಿಗೆ ಅಮ್ಮನ ದುಪ್ಪಟ್ಟಾ ಕಟ್ಟಿ, ಒಣಗಿಸಿದ ಪುನರ್ಪುಳಿ, ಖರ್ಜೂರ, ಒದ್ದೆ ಮಾಡಿದ ಮಣ್ಣಿನ ಚಟ್ಟಿ, ಸುಟ್ಟ ಗೋಡಂಬಿ ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಇದೆಲ್ಲ ವೈನಿನಲ್ಲಿ ಉಂಟು ಮಗಾ," ಅನ್ನುತ್ತಿದ್ದರು. ಅಡಿಗೆಮನೆಯಿಂದ ಅಮ್ಮ, "ಹೌದು, ಮಗುವಿಗೆ ಅದೊಂದು ಕಲಿಸಿ," ಎಂದು ಪಾತ್ರೆ ಕುಕ್ಕುತ್ತಿದ್ದಳು.

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಹೋಟೆಲಿಗೆ ವೈನ್ ಕಳಿಸುವವರು ಪಪ್ಪನನ್ನು ಫ್ರಾನ್ಸಿಗೆ, ಅವರ ದ್ರಾಕ್ಷಿ ತೋಟಗಳನ್ನು ನೋಡಲು ಕರೆದರು. ಆ ವರ್ಷ ಊರಿಗೆ ಹೋಗುವುದನ್ನು ಬಿಟ್ಟು ನಾವು ಮೂವರೂ ಅಲ್ಲಿಗೆ ಹೊರಟೆವು. ಅಮ್ಮ ಬಂದದ್ದು ಊರು ನೋಡಲಿಕ್ಕಲ್ಲ, ಗಂಡನನ್ನು ಕಾಯಲಿಕ್ಕೆ. ಪೆಟ್ಟಿಗೆಯಲ್ಲಿ ಅವಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ಬೇರೆ. ವರ್ಷವಿಡೀ ಒಮಾನಿನ ಕಲ್ಲುಗುಡ್ಡಗಳನ್ನೇ ನೋಡುತ್ತಿದ್ದ ನನಗೆ ಬೋರ್ಡೋ ಪಟ್ಟಣದ ಸುತ್ತಲಿನ ಆ ಹಸಿರು ಕಣ್ಣಿಗೆ ಹೆಚ್ಚಾಯಿತು. ಮೊದಲು ಹೋದದ್ದು ಅರಮನೆಯಂಥ ಮನೆಯಿದ್ದ ಒಂದು ದೊಡ್ಡ ತೋಟಕ್ಕೆ. ಮರದ ಪೀಪಾಯಿಗಳ ನಡುವೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಗ್ಲಾಸು, ಪಕ್ಕದಲ್ಲಿ ತಗಡಿನ ಬಕೆಟು. ಸೂಟು ಹಾಕಿದ ಗಂಡಸರು, ಮುತ್ತಿನ ಸರದ ಹೆಂಗಸರು ಎಲ್ಲರೂ ಗುಟುಕು ತೆಗೆದುಕೊಳ್ಳುವುದು, ಬಾಯಿ ಮುಕ್ಕಳಿಸುವುದು, ಬಕೆಟಿಗೆ ಉಗಿಯುವುದು! ಅಮ್ಮನ ಮುಖ ಅರಳಿಹೋಯಿತು. "ಅಯ್ಯೋ ದೇವರೇ, ಇಲ್ಲಿ ಇಡೀ ಊರೇ ಉಗಿಯುತ್ತದಲ್ಲ ಮಾರಾಯ್ರೆ! ನಾನು ನೀವೊಬ್ಬರೇ ಅಂತ ಎಣಿಸಿದ್ದೆ," ಅಂದಳು. ಆ ದಿನ ಅವಳು ಪಪ್ಪನ ತೋಳು ಹಿಡಿದುಕೊಂಡು ನಡೆದಳು. ಹಾಗೆ ನಡೆದದ್ದನ್ನು ನಾನು ದಾರ್ಸೈಟಿನಲ್ಲಿ ಕಂಡಿರಲಿಲ್ಲ.

ಕೊನೆಯ ದಿನ ಹೋದ ತೋಟ ಸಣ್ಣದು. ಯಜಮಾನ ಒಬ್ಬ ಮುದುಕ, ತೊಳೆದು ತೊಳೆದು ಬಣ್ಣ ಹೋದ ನೀಲಿ ಕೋಟು ಹಾಕಿದ್ದ. ಅವನ ಹೆಂಡತಿ ಹಿಂದಿನ ಚಳಿಗಾಲದಲ್ಲಿ ತೀರಿಹೋಗಿದ್ದಳು. ಅಲ್ಲಿ ವೈನ್ ಮಾಡುತ್ತಿದ್ದವಳು ಅವಳೇ. ನೆಲಮಾಳಿಗೆಯಲ್ಲಿ ಪಪ್ಪ ಒಂದೊಂದೇ ಗ್ಲಾಸು ಮೂಸಿ, ಬಾಯಲ್ಲಿ ಹೊರಳಿಸಿ, ಉಗಿದು, ಏನೋ ಹೇಳುತ್ತಿದ್ದರು. ಮುದುಕ ತಲೆಯಾಡಿಸುತ್ತಿದ್ದ. ಕೊನೆಗೆ ಅವನು ಮೂಲೆಯಿಂದ ಚೀಟಿಯಿಲ್ಲದ ಒಂದು ಬಾಟಲಿ ತಂದ. ಮೇಜಿನ ಮೇಲಿದ್ದ ಬಕೆಟನ್ನು ಎತ್ತಿ ಕೆಳಗೆ, ದೂರ ಇಟ್ಟ. ಅವನ ಇಂಗ್ಲಿಷು ತಡವರಿಸುತ್ತಿದ್ದರೂ ನಮಗೆಲ್ಲ ಅರ್ಥವಾಯಿತು: ಇದು ಅವಳು ಮಾಡಿದ ಕೊನೆಯದು, ಇದನ್ನು ಉಗಿಯಬಾರದು. ಪಪ್ಪ ಗ್ಲಾಸು ಎತ್ತಿದರು. ಮೂಸಿದಾಗಲೇ ಅವರ ಮುಖ ಬೇರೆಯಾಯಿತು. ಗುಟುಕು ಬಾಯಿಗೆ ಹೋಯಿತು, ಅಲ್ಲೇ ನಿಂತಿತು. ಅವರು ಅಮ್ಮನನ್ನು ನೋಡಿದರು. ಅಮ್ಮ ನೆಲ ನೋಡಿದಳು. ಆಮೇಲೆ ಅವರು ನನ್ನನ್ನು, ಎರಡು ಜಡೆಗಳ ನಡುವಿನ ನನ್ನ ಬೈತಲೆಯನ್ನು ನೋಡಿದರು. ಕೆನ್ನೆ ಉಬ್ಬಿಸಿಕೊಂಡೇ ಪಪ್ಪ ಮೆಟ್ಟಿಲು ಹತ್ತಿ ಹೊರಗೆ ಹೋದರು. ನಾನು ಹಿಂದೆಯೇ ಓಡಿದೆ. ಮೊದಲ ಸಾಲಿನ ಬಳ್ಳಿಯ ಬುಡದಲ್ಲಿ ಬಗ್ಗಿ, ಮೆಲ್ಲನೆ, ಸದ್ದಾಗದ ಹಾಗೆ ಉಗಿದರು. ಕೈಯಿಂದ ಮಣ್ಣು ಎಳೆದು ಮುಚ್ಚಿದರು. ಅವರ ಕಣ್ಣು ತುಂಬಿತ್ತು. ಒಳಗೆ ಬಂದು ಒಮಾನಿಗಳು ಮಾಡುವ ಹಾಗೆ ಎದೆಯ ಮೇಲೆ ಅಂಗೈ ಇಟ್ಟು ಮುದುಕನಿಗೆ ತಲೆಬಾಗಿದರು. ಅವನು ಬಿರಟೆ ಹಾಕಿ ಬಾಟಲಿಯನ್ನು ಒಳಗೆ ಇಟ್ಟ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನುಂಗಿದ್ರೆ ನಾನು ಎಂತದೂ ಹೇಳ್ತಿರ್ಲಿಲ್ಲ," ಅಂದಳು. ಪಪ್ಪ, "ಆಣೆ ಇರುವುದು ನಿನ್ನ ತಲೆ ಮೇಲಲ್ಲ ಮಾರಾಯ್ತಿ," ಅಂದರು.

ಮಸ್ಕತ್ತಿಗೆ ಬಂದ ಮೇಲೆ ಅವಳು "ಊದಿ" ಅನ್ನುವುದನ್ನು ಬಿಟ್ಟಳು. ಪಪ್ಪ ಮಾತ್ರ ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಬಾಯಿ ತೆರೆಯುತ್ತಿದ್ದರು. "ಬನ್ನಿ ಒಳಗೆ, ನಾಟಕ ಸಾಕು," ಎಂದು ಅವಳು ನಾಚಿಕೊಳ್ಳುತ್ತಿದ್ದಳು. ಆಣೆ ಬಿಡಿಸಬೇಕು ಎಂದೂ ಹೇಳಿದಳು. ಹಾಕಿದ ಆಣೆಯನ್ನು ಮನೆಯಲ್ಲಿ ಕೂತು ಬಿಡಿಸಲು ಆಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಾಕಿಸಿದವರು, ಹಾಕಿದವರು ಇಬ್ಬರೂ ಅದೇ ದೇವರ ಎದುರು ನಿಂತು ಕಾಣಿಕೆ ಇಟ್ಟು ಹೇಳಬೇಕು. ಗುಡಿ ನಮ್ಮ ಮನೆಯಿಂದ ಕೂಗಳತೆಯ ದೂರ. ಈ ಶುಕ್ರವಾರ ಪಪ್ಪನಿಗೆ ಕೆಲಸ, ಮುಂದಿನ ಶುಕ್ರವಾರ ಯಾರೋ ನೆಂಟರು, ಆಮೇಲೆ ನನ್ನ ಪರೀಕ್ಷೆ. ಹತ್ತಿರ ಇದ್ದದ್ದೇ ತಪ್ಪಾಯಿತೇನೋ. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದ ಪಪ್ಪ ಹೊರಗೆ ಬರಲಿಲ್ಲ. ಹೃದಯ ನಿಂತಿತ್ತು. ನೀರು ಇನ್ನೂ ಸುರಿಯುತ್ತಲೇ ಇತ್ತು. ಅವರನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಮಂಗಳೂರಿಗೆ ತಂದರು. ದಾರ್ಸೈಟಿನ ಆ ಮನೆಗೆ ಆಮೇಲೆ ನಾನು ಹೋಗಲಿಲ್ಲ. ಅದರ ಪರದೆಗಳು, ಮೂಸುವ ಆಟದ ಡಬ್ಬಿಗಳು ಯಾರ ಪಾಲಾದವೋ ಗೊತ್ತಿಲ್ಲ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮುಸ್ಸಂಜೆ ನಮ್ಮಲ್ಲಿ ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ಅವರು ಉಂಡು ಹೋಗಲೆಂದು ಹೊರಗೆ ಕಾಯುತ್ತೇವೆ. ಬಡಿಸಿದ್ದು ಕದಲಿದ್ದರೆ, ಗ್ಲಾಸಿನಲ್ಲಿ ಸ್ವಲ್ಪ ಇಳಿದಿದ್ದರೆ ಅವರು ಮುಟ್ಟಿದರು ಎಂದು ಲೆಕ್ಕ. ಕೋಳಿ ಸಾರು, ರೊಟ್ಟಿ, ಬಂಗುಡೆ ಮೀನು ಎಲ್ಲ ಬಡಿಸಿ ಆಗಿತ್ತು. ದೊಡ್ಡಪ್ಪ ಬ್ರಾಂಡಿ ಬಾಟಲಿ ತಂದರು. "ಅದು ಬೇಡ ಭಾವ, ವೈನ್ ತರಿಸಿ," ಅಂದಳು ಅಮ್ಮ. ಪೇಟೆಯಲ್ಲಿ ಸಿಕ್ಕಿದ್ದು ಯಾವುದೋ ಸಿಹಿ ವೈನು. ಪಪ್ಪ ಮೂಸಿಯೂ ನೋಡುತ್ತಿರಲಿಲ್ಲ. ಜನ್ಮದಲ್ಲಿ ಅಂಥ ಬಾಟಲಿ ಮುಟ್ಟದ ಅಮ್ಮ ತಾನೇ ಅದನ್ನು ಸ್ಟೀಲ್ ಗ್ಲಾಸಿಗೆ ಅಂಚಿನವರೆಗೆ ಹೊಯ್ದಳು. ನನ್ನನ್ನು ಎಲೆಯ ಎದುರು ಕೂರಿಸಿ, ನನ್ನ ತಲೆಯ ಮೇಲೆ ಕೈ ಇಟ್ಟಳು. "ಇವಳ ಮೇಲಿನ ಆಣೆ ನಾನು ತೆಗ್ದಿದ್ದೇನೆ. ಇನ್ನು ಉಗಿಬೇಡಿ ಮಾರಾಯ್ರೆ. ನುಂಗಿ," ಅಂದಳು.

ದೊಡ್ಡಪ್ಪ ಬಾಗಿಲು ಎಳೆದರು. ಆಗ ಯಾರೂ ಸದ್ದು ಮಾಡಬಾರದು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಬಾಗಿಲು ತೆಗೆದ ಕೂಡಲೇ ಅವಳು ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಎಲೆಯನ್ನೂ ನೋಡದೆ, ಗ್ಲಾಸಿನ ಮೇಲೆ ಬಗ್ಗಿದಳು. ಅದು ತುಂಬಿದ್ದು ತುಂಬಿದ ಹಾಗೇ ಇತ್ತು.