ಬೇಗ ತಿರುಗಿದ ರೆಕಾರ್ಡು

ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಇನ್ನೂ ನಾಚಿಕೆಯಾಗುತ್ತದೆ.

ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ, ನ್ಯೂಯಾರ್ಕಿಗೆ ಹತ್ತಿರದ ಪಾರ್ಸಿಪನಿ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ನನಗೆ ಹಳೆಯ ಅಮೆರಿಕನ್ ಜಾನಪದ ಗೀತೆಗಳ ಎಲ್‌ಪಿ ರೆಕಾರ್ಡು ಕೂಡಿಹಾಕುವ ಹುಚ್ಚು ಹಿಡಿದಿತ್ತು. ಅರವತ್ತರ ದಶಕದ ಹುಡುಗ ಹುಡುಗಿಯರು ಗಿಟಾರ್ ಹಿಡಿದು ಮತ್ತೆ ಹಾಡತೊಡಗಿದ ಹಳ್ಳಿಯ ಹಾಡುಗಳು ಅವು. ಶನಿವಾರ ಬಂತೆಂದರೆ, ಜನ ಮನೆಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ಗಳಿಗೆ ಹೊರಡುತ್ತಿದ್ದೆ. ಕೇಳುತ್ತಿದ್ದದ್ದು ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದ ರೆಕಾರ್ಡ್ ಪ್ಲೇಯರಿನಲ್ಲಿ. ಇಲ್ಲಿಯ ನೂರಹತ್ತು ವೋಲ್ಟನ್ನು ಇನ್ನೂರ ಇಪ್ಪತ್ತಕ್ಕೆ ಏರಿಸಲು ಟ್ರಾನ್ಸ್‌ಫಾರ್ಮರ್ ಹಾಕಿದ್ದೆ. ಬಂದವರಿಗೆಲ್ಲ ಅದನ್ನು ತೋರಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ರಾಶಿಯಲ್ಲಿ ಒಂದು ಹಾಡು ನಮ್ಮ ಮನೆಯದೇ ಆಗಿಹೋಗಿತ್ತು. ಎಳೆ ಹುಡುಗಿಯೊಬ್ಬಳ ದನಿ, ಚುರುಕು ಲಯ. ಮಾತುಗಳು ನಮಗೆ ಅರ್ಥವೇ ಆಗುತ್ತಿರಲಿಲ್ಲ. 'ಬೇಬಿ' ಎಂಬುದೊಂದು ತಿಳಿಯುತ್ತಿತ್ತು, ನಮಗೆ ಅಷ್ಟು ಸಾಕಿತ್ತು. ಮಗಳ ಪ್ರತಿ ಹುಟ್ಟುಹಬ್ಬಕ್ಕೂ ಅದನ್ನೇ ಹಾಕಿ, ನಾನೂ ನನ್ನ ಹೆಂಡತಿಯೂ ಚಪ್ಪಾಳೆ ತಟ್ಟಿ ಅವಳನ್ನು ಕುಣಿಸುತ್ತಿದ್ದೆವು.

ಅವಳಿಗೆ ಏಳು ತುಂಬಿದ ಮರುವಾರ ನ್ಯೂಯಾರ್ಕಿನ ಹಳೇ ರೆಕಾರ್ಡಿನಂಗಡಿಯೊಂದರಲ್ಲಿ ಅದೇ ಹಾಡು ಕೇಳಿಸಿತು. ದನಿ ಮಾತ್ರ ನಡುವಯಸ್ಸಿನ ಹೆಂಗಸಿನದು, ಹಾಡು ಬಲು ನಿಧಾನ. ನಿಮ್ಮ ಮಿಷನ್ ಸ್ಲೋ ಆಗಿದೆ ಎಂದೆ. ಅಂಗಡಿಯವನು ನಕ್ಕು, ನಿನ್ನ ಮಿಷನ್ ಯಾವ ದೇಶದ್ದು, ಅಲ್ಲಿ ಕರೆಂಟು ಎಷ್ಟು ಹರ್ಟ್ಸ್ ಎಂದು ಕೇಳಿದ. ಐವತ್ತು. ಇಲ್ಲಿ ಅರವತ್ತು. ನನ್ನ ಪ್ಲೇಯರಿನ ಮೋಟರು ಹರ್ಟ್ಸಿಗೆ ತಕ್ಕ ಹಾಗೆ ತಿರುಗುವಂಥದ್ದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಹರ್ಟ್ಸನ್ನಲ್ಲ ಎಂಬುದು ಪಾಲಿಟೆಕ್ನಿಕ್ ಹುಡುಗರಿಗೂ ಗೊತ್ತು. ಇಷ್ಟು ವರ್ಷ ಒಂದೊಂದು ರೆಕಾರ್ಡನ್ನೂ ನಾನು ಇರಬೇಕಾದ್ದಕ್ಕಿಂತ ಬೇಗ ಓಡಿಸಿ ಕೇಳಿದ್ದೆ!

ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಹಾಡಿನ ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಅದು ಸತ್ತ ಮಗುವನ್ನು ಮಣ್ಣಿಗಿಡುವ ತಾಯಿಯ ಹಾಡು. ಆರಿಸಿಟ್ಟುಕೊಂಡಿದ್ದ ರೆಕಾರ್ಡುಗಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಮನೆಗೆ ಬಂದು ಹೇಳಿದಾಗ ಹೆಂಡತಿ, 'ಅಯ್ಯೋ, ಬಿಡ್ತು ಅನ್ನಿ!' ಎಂದು ಮಗಳನ್ನು ಬಾಚಿ ತಬ್ಬಿಕೊಂಡಳು. ಮಗಳು ಅಮ್ಮನ ತೋಳಿನಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು.

'ಐ ನೋ, ಅಪ್ಪ. ದಿ ಬೇಬಿ ಡೈಸ್.'

ನಾನು ದಂಗಾಗಿಹೋದೆ. 'ನಿಂಗೆ ಗೊತ್ತಿತ್ತಾ? ಮತ್ಯಾಕೆ ಪುಟ್ಟಿ ಕುಣೀತಿದ್ದೆ?'

'ಬಿಕಾಸ್ ಯು ವರ್ ಹ್ಯಾಪಿ,' ಎಂದಳು.