ಖಾಲಿ ಕೋಣೆಗಳಿಗೆ ನೀರು ಕುಡಿಸುವಾಕೆ

ಬೆಳಕು ಸರಿಯಾಗಿ ಹರಿಯುವ ಮೊದಲೇ, ಸಮುದ್ರಕ್ಕೆ ಮುಖ ಮಾಡಿದ ಆ ಹೋಟೆಲ್ಲಿನ ಮೂರನೇ ಮಹಡಿಯಲ್ಲಿ ನಲ್ಲಿಗಳು ಒಂದರ ಹಿಂದೊಂದು ಸುರಿಯತೊಡಗುತ್ತವೆ. ಸ್ನಾನಕ್ಕೆ ಯಾರೂ ಇಲ್ಲ. ಹಾಸಿಗೆಗಳ ಮೇಲಿನ ಚಾದರ ಸುಕ್ಕುಗಟ್ಟಿಲ್ಲ, ಸೋಪುಗಳ ಕಾಗದ ಬಿಚ್ಚಿಲ್ಲ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಕೋಣೆಯಿಂದ ಕೋಣೆಗೆ ಹೋಗುತ್ತಾ ನೀರು ಬಿಡುತ್ತಾರೆ, ಕಿಟಕಿ ತೆರೆಯುತ್ತಾರೆ, ಒಮ್ಮೆ ಗಾಳಿಯನ್ನು ಮೂಸಿ ನೋಡಿ ಮುಂದೆ ಸಾಗುತ್ತಾರೆ.

‘ಗಿರಾಕಿ ಇಲ್ಲ ಅಂತ ಕೋಣೆಗೇ ಸ್ನಾನ ಮಾಡಿಸ್ತಿದೀನಿ’ ಎಂದು ನಗುತ್ತಾರೆ.

ಹೋಟೆಲ್ಲಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಕೀಲಿಯಕ್ಕ ಎಂದೇ. ಬಚ್ಚಲಿನ ಪ್ರತಿ ತೂತಿನ ಕೆಳಗೂ ಬಾಗಿದ ಕೊಳವೆಯೊಂದಿದೆ. ಆ ಬಾಗಿನಲ್ಲಿ ನಿಲ್ಲುವ ಒಂದಿಷ್ಟು ನೀರೇ ಚರಂಡಿಯ ವಾಸನೆಗೆ ಹಾಕಿದ ಮುಚ್ಚಳ. ಕೋಣೆ ಬಹಳ ದಿನ ಖಾಲಿ ಬಿದ್ದರೆ ಆ ನೀರು ಆರಿಹೋಗುತ್ತದೆ, ವಾಸನೆ ಮೇಲೇರಿ ಪರದೆಗೂ ದಿಂಬಿಗೂ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಒಗೆದರೂ ಬಂದವರು ಮೂಗು ಮುರಿಯುತ್ತಾರೆ. ಮೊದಲೆಲ್ಲ ಈ ಕೊಳವೆಗಳನ್ನು ಕೋಣೆಗಳಲ್ಲಿ ಉಳಿದ ಜನರೇ ಸ್ನಾನ ಮಾಡಿ ತೋಯಿಸುತ್ತಿದ್ದರು. ಈಗ ಅದು ಕೀಲಿಯಕ್ಕನ ಪಾಲಿಗೆ ಬಂದಿದೆ.

ಕೈ ಬಿಗಿಯಾದ ಮನೆಯಲ್ಲಿ ಹಾಲು ನಿಲ್ಲುವುದಿಲ್ಲ, ಮಕ್ಕಳ ಶಾಲೆ ನಿಲ್ಲುವುದಿಲ್ಲ. ಮೊದಲು ನಿಲ್ಲುವುದು ಪ್ರವಾಸ. ದೂರದ ಊರುಗಳ ಕಾರ್ಖಾನೆಗಳಲ್ಲಿ ಪಾಳಿ ಕಡಿಮೆಯಾದದ್ದು ಇಲ್ಲಿ ಗೊತ್ತಾದದ್ದು ಹೀಗೆ: ವಾರ ಉಳಿಯುತ್ತಿದ್ದವರು ಎರಡು ರಾತ್ರಿ ಉಳಿದರು, ಕೆಳಗೆ ಊಟಕ್ಕಿಳಿಯುತ್ತಿದ್ದವರು ಕೋಣೆಯಲ್ಲೇ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು. ‘ಕಸದ ಬುಟ್ಟೀಲಿ ಅಂಗಡಿ ಚೀಲ ಕಾಣೋದೇ ನಿಂತೋಯ್ತು’ ಎನ್ನುತ್ತಾರೆ ಕೀಲಿಯಕ್ಕ. ನಂತರ ಬುಟ್ಟಿಯೂ ಖಾಲಿ. ಕಾರಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ದೀಪಸ್ತಂಭ, ಹಳೆಯ ಕೋಟೆ ತೋರಿಸುತ್ತಿದ್ದ ಇವರ ಗಂಡ ಈಗ ಅದೇ ಕಾರಿನಲ್ಲಿ ಕುಡಿಯುವ ನೀರಿನ ಕ್ಯಾನು ಸಾಗಿಸುತ್ತಾರೆ. ‘ಕ್ಯಾನುಗಳು ಫೋಟೋ ತೆಗೀರಿ ಅಂತ ಪೀಡಿಸಲ್ಲ, ಅಷ್ಟು ಲಾಭ’ ಎಂಬುದು ಅವರ ಸಮಾಧಾನ.

ಹೋಟೆಲ್ ಸತ್ತಂತೆ ಕಾಣಬಾರದೆಂದು ಮ್ಯಾನೇಜರ್ ಒಂದು ಉಪಾಯ ಹೂಡಿದ್ದರು. ಸಂಜೆಯಾಗುತ್ತಲೇ ಬೀದಿಗೆ ಕಾಣುವ ಎಲ್ಲ ಕೋಣೆಗಳಲ್ಲೂ ದೀಪ ಹಾಕಬೇಕು. ಕೀಲಿಯಕ್ಕ ಒಂದನ್ನೂ ಬಿಡದೆ ಹಾಕಿದರು. ಬಸ್ಸಿಳಿದು ಬಂದ ಏಳೆಂಟು ಮಂದಿಯ ಗುಂಪೊಂದು ಗೇಟಿನ ಬಳಿ ನಿಂತು ತಲೆಯೆತ್ತಿ ನೋಡಿತು. ‘ಇದು ಭರ್ತಿ ಕಣ್ರೋ, ನಡೀರಿ’ ಎಂದೊಬ್ಬ ಹೇಳಿದ್ದು ಮೇಲಿದ್ದ ಇವರಿಗೆ ಚೆನ್ನಾಗಿಯೇ ಕೇಳಿಸಿತು. ಮೆಟ್ಟಿಲಿಳಿದು ಗೇಟು ತಲುಪುವಷ್ಟರಲ್ಲಿ ಅವರು ಎದುರಿನ ಹೋಟೆಲ್ಲಿನೊಳಗೆ ಹೋಗಿಯಾಗಿತ್ತು. ಅಂದಿನಿಂದ ಒಂದು ಬಿಟ್ಟು ಒಂದು ಕೋಣೆಗೆ ಮಾತ್ರ ದೀಪ.

ಆದರೂ ಹೋಟೆಲ್ಲಿನ ಯಜಮಾನರು ಕೊನೆಗೆ ತೀರ್ಮಾನಿಸಿಬಿಟ್ಟಿದ್ದಾರೆ. ಬರುವ ತಿಂಗಳಿಂದ ಮೂರನೇ ಮಹಡಿಗೆ ಬೀಗ. ಕೋಣೆ ನೋಡಿಕೊಳ್ಳಲು ಒಬ್ಬರು ಸಾಕು. ಈಗ ಇರುವವರು ಇಬ್ಬರು, ಕೀಲಿಯಕ್ಕ ಮತ್ತು ಅವರ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಈ ಕೆಲಸಕ್ಕೆ ಅವಳನ್ನು ಕರೆತಂದವರೂ ಕೀಲಿಯಕ್ಕನೇ.

‘ಅಕ್ಕಾ, ಯಾರು ಇರಬೇಕು ಅಂತ ನೀವೇ ಹೇಳಿಬಿಡಿ. ನನ್ನ ಬಾಯಿಂದ ಬೇಡ’ ಎಂದರಂತೆ ಮ್ಯಾನೇಜರ್.

‘ತೂಗೋ ಕೆಲಸ ನಿಮ್ದು ಸಾರ್. ತಕ್ಕಡಿ ತಂದು ನನ್ನ ಕೈಗೆ ಕೊಡ್ತೀರಲ್ಲ!’

ಬಟ್ಟೆ ಕೋಣೆಯಲ್ಲಿ ಇಬ್ಬರೂ ದೊಡ್ಡ ಚಾದರವೊಂದನ್ನು ಮಡಚುತ್ತಿದ್ದಾರೆ. ಒಬ್ಬೊಬ್ಬರು ಎರಡೆರಡು ತುದಿ ಹಿಡಿದು, ಜಗ್ಗಿ, ಕೊಡವಿ, ಹತ್ತಿರ ಬಂದು, ಮತ್ತೆ ಹಿಂದೆ ಸರಿಯುತ್ತಾರೆ. ಬಾಯಿಗೆ ಮಾತ್ರ ಬಿಡುವಿಲ್ಲ.

‘ನೀವಿರಿ ಅಕ್ಕಾ. ನನಗೆ ಎಲ್ಲಾದ್ರೂ ಸಿಗತ್ತೆ’ ಎನ್ನುತ್ತಾಳೆ ಓರಗಿತ್ತಿ.

‘ಎಲ್ಲಿ ಸಿಗತ್ತೆ? ಬೀದಿ ತುಂಬ ಹೋಟೆಲ್ಲು, ಎಲ್ರೂ ನೊಣ ಹೊಡೀತಾ ಕೂತಿದಾರೆ.’

‘ಹಾಗಾದ್ರೆ ನೀವೇನ್ ಮಾಡ್ತೀರ?’

‘ಮನೇಲಿ ಕೂತು ನಿನ್ನ ಭಾವನ ಹತ್ರ ಜಗಳ ಆಡ್ತೀನಿ.’

‘ಅಯ್ಯೋ ಪಾಪ! ಭಾವನ ಜೀವ ಉಳಿಸೋಕಾದ್ರೂ ನೀವು ಕೆಲಸಕ್ಕೆ ಬರಲೇಬೇಕು.’

ನಗುತ್ತಲೇ ಚಾದರದ ನಾಲ್ಕೂ ಮೂಲೆಗಳನ್ನು ಕೂಡಿಸುತ್ತಾರೆ. ಒಂದು ತುದಿಯನ್ನು ಕಿಟಕಿಯ ಕೊಕ್ಕೆಗೆ ಸಿಕ್ಕಿಸಿ ಒಬ್ಬರೇ ಮಡಚಬಹುದೇ ಎಂದು ಕೀಲಿಯಕ್ಕ ಹಿಂದಿನ ದಿನ ಪರೀಕ್ಷಿಸಿ ನೋಡಿದ್ದರು. ಮಡಿಕೆ ಸೊಟ್ಟಗಾಯಿತು, ಅಂಚು ನೆಲಕ್ಕೆ ತಾಗಿ ಕೊಳೆಯಾಯಿತು, ಮತ್ತೆ ಒಗೆಯಬೇಕಾಯಿತು. ಆಗಲೇ ಅವರಿಗೆ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ಮ್ಯಾನೇಜರಿಗೆ ಅವರು ಯಾರ ಹೆಸರನ್ನೂ ಹೇಳಲಿಲ್ಲ. ಇಬ್ಬರೂ ಇರುತ್ತೇವೆ, ಒಂದು ವಾರ ನಾನು, ಒಂದು ವಾರ ಅವಳು, ಒಬ್ಬರ ಸಂಬಳವನ್ನೇ ಇಬ್ಬರಿಗೂ ಹಂಚಿ; ಚಾದರ ಮಡಚುವ ದಿನ ಮಾತ್ರ ಇಬ್ಬರೂ ಬರುತ್ತೇವೆ ಎಂದರು. ಮ್ಯಾನೇಜರ್ ಯಜಮಾನರಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಒಪ್ಪಿಗೆಯಲ್ಲಿ ಉತ್ಸಾಹವೇನೂ ಇರಲಿಲ್ಲ, ಆದರೆ ಒಪ್ಪಿಗೆ ಬಂತು.

ಅರ್ಧ ಸಂಬಳದಲ್ಲಿ ಮನೆ ಹೇಗೆ ನಡೆಯುತ್ತದೆಂದು ಕೀಲಿಯಕ್ಕ ಇನ್ನೂ ಲೆಕ್ಕ ಹಾಕಿಲ್ಲ. ಸದ್ಯ ಮಹಡಿ ಮುಚ್ಚುವ ಕೆಲಸವಿದೆ. ಬೀಗ ಬಿದ್ದ ಮೇಲೆ ದಿನಾ ನೀರು ಬಿಡಲಾಗದು. ಹಾಗಾಗಿ ಪ್ರತಿ ಬಚ್ಚಲಿನ ತೂತಿಗೂ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹೊಯ್ಯುತ್ತಾರೆ. ಎಣ್ಣೆಯ ತೆಳುಪದರ ಮೇಲೆ ನಿಂತರೆ ಕೆಳಗಿನ ನೀರು ಬೇಗ ಆರುವುದಿಲ್ಲ. ಓರಗಿತ್ತಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾಳೆ. ಕೊನೆಯ ಬಾಗಿಲನ್ನು ಇಬ್ಬರೂ ಸೇರಿ ಎಳೆದುಕೊಳ್ಳುತ್ತಾರೆ.

ಏನು ಆಸೆ ಎಂದು ಕೇಳಿದರೆ ಕೀಲಿಯಕ್ಕ ಸ್ವಲ್ಪ ಯೋಚಿಸುತ್ತಾರೆ.

‘ದೊಡ್ಡದೇನಿಲ್ಲ. ಈ ಮಹಡಿಯಿಂದ ಒಂದು ಫೋನ್ ಬರಬೇಕು. ಎಷ್ಟೊತ್ತಿಂದ ಟವೆಲ್ ಕೇಳ್ತಿದೀವಿ, ಎಲ್ಲಿ ಸತ್ತೋದ್ರಮ್ಮಾ ಅಂತ ಯಾರಾದ್ರೂ ಚೆನ್ನಾಗಿ ಬೈಬೇಕು. ಇಬ್ರೂ ಒಟ್ಟಿಗೇ ಓಡಿ ಬರ್ತೀವಿ.’