ಅಮೆರಿಕಾದ ನೋಟಿಗೆ ಅರಿಷಿಣ ಕುಂಕುಮ

ನಮ್ಮ ಮೊಮ್ಮಗಳಿಗೆ ಪಯಲಾ ನಂಬರ್ ಬಂತ್ರಿ. ಮುದ್ದೇಬಿಹಾಳದ ಹಳೇ ನೋಟಿನ ಪ್ರದರ್ಶನದಾಗ ಕೋಟು ಹಾಕ್ಕೊಂಡು ಬಂದಾವ್ರನ್ನೆಲ್ಲ ಹಿಂದ ಹಾಕಿ ನಮ್ಮ ಹುಡುಗಿಗೇ ಬಂತು. ನಾ ಸಾಲಿ ಕಲಿತದ್ದು ಅಷ್ಟಕ್ಕಷ್ಟ, ಆದ್ರ ಬರೀದ ಕೂತ್ರ ಹೊಟ್ಟಿ ಒಡೀತೈತಿ.

ನಾವು ಬಸವನ ಬಾಗೇವಾಡಿಯವ್ರು. ಮೊಮ್ಮಗಳು ಕಾಲೇಜಿನಾಗ ಇತಿಹಾಸ ಕಲಿಸ್ತಾಳ. ಪಗಾರ ಬಂದ್ರ ಬ್ಯಾರೆ ಹುಡುಗ್ಯಾರು ಸೀರಿ ತಗೋತಾರ, ಈಕಿ ನಡೀಲಾರದ ನೋಟು ತಗೋತಾಳ. ಈ ಸಲ ಅಮೆರಿಕಾದ್ದೊಂದು ತರಿಸಿದಳು, ಹಿಂಬದಿ ಪೂರಾ ಕಿತ್ತಳೆ ಬಣ್ಣ.

"ಅಜ್ಜಿ, ಆಗಿನ ಕಾಲಕ್ಕ ಇದನ್ನ ಸರಕಾರದ ಖಜಾನಿಗೆ ಒಯ್ದು ಕೊಟ್ರ ಬಂಗಾರದ ನಾಣ್ಯ ಕೊಡ್ತಿದ್ರು."

"ಈಗ?"

"ಈಗ ಕೊಡೂದಿಲ್ಲ."

"ಹಂಗಾರ ರದ್ದಿ" ಅಂದ ಆಕಿ ಅಪ್ಪ, ನನ್ನ ಮಗ. "ಪ್ರದರ್ಶನಕ್ಕ ಇಡು. ನಾಕು ಮಂದಿ ನಿಂತು ನೋಡಿದ್ರ ಸೈ. ಇಲ್ಲಾಂದ್ರ ಈ ಹುಚ್ಚು ಬಂದ್."

ಹುಡುಗಿ ಹೂಂ ಅಂದಳು, ಮಾರಿ ಮಾತ್ರ ಸಣ್ಣದಾತು.

ಪ್ರದರ್ಶನದ ಹಿಂದಿನ ದಿನ ಶುಕ್ರವಾರ. ನಾ ಲಕ್ಷ್ಮೀ ಪೂಜಾಕ್ಕ ಕೂತಾಗ ಪ್ಲಾಸ್ಟಿಕ್ ಚೀಲದಾಗಿನ ಆ ನೋಟು ಕಣ್ಣಿಗೆ ಬಿತ್ತು. ಬಂಗಾರ ಕೊಟ್ಟ ನೋಟು, ಪೂಜಾ ಇಲ್ಲದ ಹಂಗ ಬಿಡೂದು ಚಲೋ ಕಾಣಲಿಲ್ಲ. ಕಲಶದ ಮುಂದಿಟ್ಟು ಅರಿಷಿಣ ಏರಿಸಿದೆ. ನೋಟಿನ ಮ್ಯಾಲಿನ ಸಾಹೇಬನ ಹಣಿ ಅಗಲ ಇತ್ತು, ಎಣ್ಣಿ ಕಲಸಿದ ಕುಂಕುಮ ಚಂದ ಕೂತಿತು. ಅಷ್ಟು ಮನಸಿಟ್ಟು ನನ್ನ ಗಂಡಗೂ ಹಚ್ಚಿದ್ದಿಲ್ಲ.

ಮುಂಜಾನೆ ನೋಡಿದ ಮೊಮ್ಮಗಳು ಗೋಡೆಗೆ ಆತು ಕುಂತಳು. ಕುಂಕುಮ ಚೀಲದ ಮ್ಯಾಲಷ್ಟ ಇತ್ತು, ಆದ್ರ ತಿಕ್ಕಿದ್ರ ಒಳಗ ಇಳಿದು ನೋಟು ಕೆಡತೈತಿ ಅಂತ ಆಕಿಗೆ ಅಂಜಿಕಿ. ಬ್ಯಾರೆ ಚೀಲ ಇಲ್ಲ, ಬಸ್ಸಿನ ಹೊತ್ತಾಗೇತಿ.

"ನೋಟಿಗೆ ಯಾರರ ಕುಂಕುಮ ಹಚ್ತಾರೇನ ಅಜ್ಜಿ?"

"ಟ್ರ್ಯಾಕ್ಟರಿಗೆ ಹಚ್ತೇವಲ್ಲವಾ."

ಹಂಗ ಒಯ್ದು ಇಟ್ಟಿವಿ. ಮಂದಿ ಬ್ಯಾರೆ ಮೇಜಿನ ಮುಂದ ಹಣಿಕಿ ಹಾಕಿ ಹೊಂಟುಬಿಡ್ತಿದ್ರು. ನಮ್ಮ ಮೇಜಿಗೆ ಇಂಡಿ ಕಡೆಯ ಮುದುಕಿಯೊಬ್ಬಾಕಿ ಬಂದು, ಕುಂಕುಮ ನೋಡಿ, ಚಪ್ಪಲಿ ಬಿಟ್ಟು ಕೈ ಮುಗಿದಳು. ಆಕಿನ್ನ ನೋಡಿ ಹಿಂದಿನಾಕಿ. ಸಾಲು ಬಾಗಿಲ ದಾಟಿತು.

"ಯಾವೂರ ದೇವ್ರವಾ ಇದು?" ಅಂತ ಸಾಲಿನಾಗಿನ ಒಬ್ಬಾಕಿ ಕೇಳಿದಳು.

"ಅಮೆರಿಕಾದ್ದು" ಅಂದೆ.

"ಪಾಪ, ಬಾಳ ದೂರದಿಂದ ಬಂದಾನ" ಅಂತ ಆಕಿ ಒಂದು ಬಾಳಿಹಣ್ಣು ಇಟ್ಟಳು.

ಮೊಮ್ಮಗಳು ಮೊದಲು ನಾಚಿ ಸತ್ತಳು. ಆಮ್ಯಾಲೆ ಕೈ ಮುಗಿದಾವ್ರಿಗೆಲ್ಲ ನೋಟು ಬಂಗಾರ ಆಗ್ತಿದ್ದ ಕತಿ ಹೇಳಾಕ ಸುರು ಮಾಡಿದಳು. ಪುರಾಣ ಕೇಳಿದಂಗ ನಿಂತು ಕೇಳಿದ್ರು. ಬಾಜೂ ಮೇಜಿನ ಸಿಂದಗಿಯ ಕೋಟಿನಾವ ಸಣ್ಣಗ ನನ್ನ ಕಡೆ ಬಾಗಿ, "ಅಜ್ಜಿ, ಒಂಚೂರು ಕುಂಕುಮ ಉಳಿದೈತೇನ್ರಿ?" ಅಂದ.

ನೋಡಾಕ ಬಂದಾವ್ರ ಚೀಟಿ ಹಾಕಿ ಬಹುಮಾನ ಆರಿಸೋ ಪದ್ಧತಿ. ಚೀಟಿ ಯಾರಿಗೆ ಬಿದ್ದಿರಬೇಕು ನೀವ ಹೇಳ್ರಿ.

ಸಂಜಿಕೆ ಸೊಸಿ ಹೋಳಿಗಿ ಮಾಡಿದಳು. ಎಲ್ಲಾರೂ ಸಾಲಾಗಿ ಉಣ್ಣಾಕ ಕುಂತಿವಿ. ಮಗ ತನ್ನ ತಾಟಿನ ಹೋಳಿಗಿ ಎತ್ತಿ ಮಗಳ ತಾಟಿಗೆ ಹಾಕಿ, "ಮುಂದಿಂದು ಯಾವ ದೇಶದ ನೋಟು ತರಸ್ತಿ?" ಅಂತ ಕೇಳಿದ. ಆಕಿ ಬಾಯಿ ತುಂಬ ಹೋಳಿಗಿ. ನಾ ಇಬ್ಬರಿಗೂ ತುಪ್ಪ ಸುರುವಿದೆ.